ಸಣ್ಣ ಪಕ್ಷಕ್ಕೆ ಹಾಕಿದ ಮತ ಹಾಳಾಗುತ್ತದೆಯೇ? ಬೆಟಗೇರಿಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ. ನಾಲ್ಕು ತಲೆಮಾರಿನಿಂದ ಬಾಸೆಲ್ ಮಿಶನ್ ಸಭೆಗೆ ಸೇರಿದ ಮನೆತನ. ನಾನು ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದು, ಕೇಶ್ವಾಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದೇನೆ. ನಮ್ಮ ಹಿರಿಯರು ಮೊದಲಿನಿಂದಲೂ ಒಂದೇ ದೊಡ್ಡ ಪಕ್ಷಕ್ಕೆ ಮತ ಹಾಕುತ್ತ ಬಂದವರು. ಆ ಪಕ್ಷದವರು ಕ್ರಿಸ್‌ಮಸ್ಸಿಗೆ ಬಂದು ಕೇಕ್ ಕತ್ತರಿಸುತ್ತಾರೆ, ಸ್ಮಶಾನಕ್ಕೆ ಜಾಗ ಕೇಳಿದರೆ ಮುಂದೆ ನೋಡೋಣ ಎನ್ನುತ್ತಾರೆ. ಇನ್ನೊಂದು ದೊಡ್ಡ ಪಕ್ಷದವರು ನಮ್ಮ ಓಣಿಗೆ ಬರುವುದೇ ಇಲ್ಲ. ಈಚೆಗೆ ಒಂದು ಹೊಸ ಸಣ್ಣ ಪಕ್ಷದವರು ನಮ್ಮ ಯುವಕರ ಕೂಟಕ್ಕೆ ಬಂದು, ಲಂಚವಿಲ್ಲದ, ಕುಡಿತವಿಲ್ಲದ ಊರಿನ ಮಾತಾಡಿದರು. ನನ್ನ ಮನಸ್ಸು ಅತ್ತ ಎಳೆಯುತ್ತಿದೆ. ತಂದೆಯವರು ‘ವೋಟು ಹಾಳು ಮಾಡಬ್ಯಾಡ’ ಎನ್ನುತ್ತಾರೆ. ಸಾಸಿವೆ ಕಾಳು ಗಿಡವಾಗುವುದಿಲ್ಲವೇ ಎಂದು ನಾನು ವಾದಿಸುತ್ತೇನೆ. ಯಾರ ಮಾತು ಸರಿ? ಈ ವಿಷಯದಲ್ಲಿ ಸಭಾಪಾಲಕರ ಸಲಹೆ ಕೇಳಬಹುದೇ?

ಉತ್ತರ: ನಿಮ್ಮ ತಂದೆಯವರು ಬಳಸಿದ ‘ಹಾಳು’ ಎಂಬ ಶಬ್ದವನ್ನು ಮೊದಲು ಬಿಡಿಸಿ ನೋಡೋಣ. ಒಂದು ವಿಧಾನಸಭಾ ಕ್ಷೇತ್ರದಲ್ಲಿ ಒಂದೂವರೆ ಲಕ್ಷದಷ್ಟು ಮತಗಳು ಬೀಳುವಾಗ ಒಬ್ಬರ ಮತದಿಂದ ಫಲಿತಾಂಶ ಬದಲಾಗುವುದು ತೀರ ಅಪರೂಪ. ಇದು ನಿಮ್ಮ ಮತಕ್ಕೆ ಎಷ್ಟು ನಿಜವೋ ಅವರ ಮತಕ್ಕೂ ಅಷ್ಟೇ ನಿಜ. ಇಪ್ಪತ್ತು ಸಾವಿರದ ಅಂತರದಿಂದ ಗೆದ್ದ ಅಭ್ಯರ್ಥಿಗೆ ಬಿದ್ದ ಮತಗಳಲ್ಲಿ ಹತ್ತೊಂಬತ್ತು ಸಾವಿರ ಮತಗಳು ಬೀಳದಿದ್ದರೂ ಆತ ಗೆಲ್ಲುತ್ತಿದ್ದ, ಆದರೆ ಅವನ್ನು ಯಾರೂ ಹಾಳಾದ ಮತ ಎನ್ನುವುದಿಲ್ಲ. ಹಾಗಿದ್ದರೆ ಮತಕ್ಕೆ ಗೆಲ್ಲಿಸುವುದಲ್ಲದೆ ಬೇರೆ ಕೆಲಸವೂ ಇದೆ ಎಂದಾಯಿತು. ಗೆದ್ದವರಿಗೂ ಸೋತವರಿಗೂ ಒಂದು ಲೆಕ್ಕ ಒಪ್ಪಿಸುವ ಕೆಲಸ ಅದು. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ: ನೀವು ಸಣ್ಣ ಪಕ್ಷಕ್ಕೆ ಹಾಕುವ ಮತದ ಲೆಕ್ಕವನ್ನು ಯಾರಾದರೂ ಓದುತ್ತಾರೆಯೇ, ಓದಿದರೆ ಅವರಿಗೆ ಏನು ಅರ್ಥವಾಗುತ್ತದೆ?

ಅದಕ್ಕೆ ಮುನ್ನ, ನಮ್ಮ ಭಾಗದಲ್ಲಿ ಕ್ರೈಸ್ತರದ್ದೇ ಎನ್ನಬಹುದಾದ ಸಣ್ಣ ಪಕ್ಷವೊಂದು ಏಕೆ ಬೆಳೆಯಲಿಲ್ಲ ಎಂಬುದನ್ನು ಹೇಳಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11.4 ಲಕ್ಷ, ಎಂದರೆ ಶೇ 1.87. ಅದರಲ್ಲೂ ಬಹುಪಾಲು ಬೆಂಗಳೂರು ಮತ್ತು ಕರಾವಳಿಯಲ್ಲಿ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಪ್ರಮಾಣ ರಾಜ್ಯದ ಸರಾಸರಿಗಿಂತ ಕಡಿಮೆ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ನಿಮ್ಮ ಬೆಟಗೇರಿಗೂ ಬಂದರು. ಶಾಲೆ ಕಟ್ಟಿದರು, ಜರ್ಮನ್ ಆಸ್ಪತ್ರೆ ಎಂದು ಇಂದಿಗೂ ಜನ ಕರೆಯುವ ಆಸ್ಪತ್ರೆಯನ್ನು ಬಿಟ್ಟುಹೋದರು, ಆದರೆ ಸಭೆಗಳು ಸಣ್ಣವಾಗಿಯೇ ಉಳಿದವು. ಆ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಡಯಾಸಿಸ್ಸಿಗೆ ಸೇರಿವೆ. ಕಥೋಲಿಕರದ್ದು ಬೆಳಗಾವಿ ಧರ್ಮಪ್ರಾಂತ್ಯ. ಹುಬ್ಬಳ್ಳಿಗೆ ರೈಲ್ವೆ ಕೆಲಸಕ್ಕೆ ಬಂದು ನೆಲೆಸಿದ ತಮಿಳು, ಕೊಂಕಣಿ ಮನೆತನಗಳು ಬೇರೆ. ಮನೆಗಳಲ್ಲಿ, ಬಾಡಿಗೆ ಸಭಾಗೃಹಗಳಲ್ಲಿ ಕೂಡುವ ಸ್ವತಂತ್ರ ಪ್ರಾರ್ಥನಾ ಸಭೆಗಳು ಬೇರೆ. ಇವರೆಲ್ಲ ಒಂದೇ ಪಕ್ಷಕ್ಕೆ ಒಟ್ಟಾಗಿ ಮತ ಹಾಕುತ್ತಾರೆಂದು ಹೊರಗಿನವರು ಭಾವಿಸಿರಬಹುದು. ಒಳಗಿರುವ ನಿಮಗೆ ನಿಜ ಸಂಗತಿ ಗೊತ್ತಿದೆ.

ಇಷ್ಟೇ ಜನರು ಬೇರೊಂದು ಚುನಾವಣಾ ಪದ್ಧತಿಯಲ್ಲಿ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ನೆದರ್ಲೆಂಡ್ಸ್‌ನಲ್ಲಿ ಇಡೀ ದೇಶವೇ ಒಂದು ಕ್ಷೇತ್ರ. ಪಡೆದ ಮತದ ಪ್ರಮಾಣಕ್ಕೆ ತಕ್ಕಂತೆ ಕೆಳಮನೆಯ 150 ಸ್ಥಾನಗಳನ್ನು ಹಂಚುತ್ತಾರೆ. ಅಲ್ಲಿ ನೂರೈವತ್ತರಲ್ಲಿ ಒಂದು ಪಾಲು ಮತ ಸಿಕ್ಕರೆ ಒಂದು ಸ್ಥಾನ ಖಾತ್ರಿ. 1918ರಲ್ಲಿ ಹುಟ್ಟಿದ, ಕಟ್ಟುನಿಟ್ಟಿನ ಪ್ರೊಟೆಸ್ಟಂಟರ ಎಸ್‌ಜಿಪಿ ಎಂಬ ಪಕ್ಷ ಎರಡು ಮೂರು ಸ್ಥಾನಗಳನ್ನೇ ಹಿಡಿದುಕೊಂಡು ನೂರು ವರ್ಷ ದಾಟಿ ಬದುಕಿದೆ. ಅದೇ ಲೆಕ್ಕವನ್ನು ನಮ್ಮ 224 ಸ್ಥಾನಗಳಿಗೆ ಹಚ್ಚಿದರೆ ಶೇ 1.87ಕ್ಕೆ ನಾಲ್ಕು ಸ್ಥಾನ ಬರುತ್ತದೆ. ಆದರೆ ನಮ್ಮದು ಕ್ಷೇತ್ರಕ್ಕೊಬ್ಬರಂತೆ, ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ. ಇಲ್ಲಿ ಒಂದೆಡೆ ದಟ್ಟವಾಗಿ ನೆಲೆಸಿದ ಸಣ್ಣ ಸಮುದಾಯಕ್ಕೆ ಬೆಲೆಯುಂಟು, ಚದುರಿದ ಸಮುದಾಯಕ್ಕೆ ಇಲ್ಲ. ಕೇರಳ ಕಾಂಗ್ರೆಸ್ 1964ರಲ್ಲಿ ಕೋಟ್ಟಯಂನಲ್ಲಿ ಹುಟ್ಟಿ, ಎಷ್ಟು ಸಲ ಒಡೆದರೂ ಉಳಿದುಕೊಂಡಿದ್ದರೆ ಅದಕ್ಕೆ ಕಾರಣ ಮಧ್ಯ ಕೇರಳದ ಕ್ರೈಸ್ತ ರೈತರು ಅಕ್ಕಪಕ್ಕದ ಕ್ಷೇತ್ರಗಳಲ್ಲಿ ಒತ್ತಾಗಿ ನೆಲೆಸಿರುವುದು. ಕೆ.ಎಂ. ಮಾಣಿ ಅವರು 1965ರಿಂದ 2019ರಲ್ಲಿ ತೀರಿಕೊಳ್ಳುವವರೆಗೂ ಪಾಲಾ ಕ್ಷೇತ್ರವನ್ನು ಬಿಟ್ಟುಕೊಡಲಿಲ್ಲ. ಗಮನಿಸಿ, ಆ ಪಕ್ಷ ಕೂಡ ತನ್ನನ್ನು ಕ್ರೈಸ್ತ ಪಕ್ಷ ಎಂದು ಕರೆದುಕೊಳ್ಳಲಿಲ್ಲ. ಅದು ಮಾತಾಡಿದ್ದು ರಬ್ಬರ್ ಬೆಲೆಯ ಬಗ್ಗೆ, ಬೆಟ್ಟದ ಭೂಮಿಯ ಪಟ್ಟಾ ಬಗ್ಗೆ.

ಇನ್ನು, ಬೇರೆ ಪದ್ಧತಿ ನಮ್ಮ ಭಾಗಕ್ಕೆ ಪೂರ್ತಿ ಅಪರಿಚಿತವೂ ಅಲ್ಲ. 1935ರ ಕಾಯ್ದೆಯಂತೆ ರಚನೆಯಾದ ಮುಂಬಯಿ ಪ್ರಾಂತದ ವಿಧಾನಸಭೆಯ 175 ಸ್ಥಾನಗಳಲ್ಲಿ ಮೂರು ಭಾರತೀಯ ಕ್ರೈಸ್ತರಿಗೆ ಮೀಸಲಾಗಿದ್ದವು, ಆ ಸ್ಥಾನಗಳಿಗೆ ಕ್ರೈಸ್ತ ಮತದಾರರೇ ಪ್ರತ್ಯೇಕವಾಗಿ ಮತ ಹಾಕುತ್ತಿದ್ದರು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ಹಾವೇರಿ ಮತ್ತು ಗದಗ ಧಾರವಾಡ ಜಿಲ್ಲೆಯಲ್ಲಿದ್ದವು. ಈ ಪ್ರತ್ಯೇಕ ಮತಕ್ಷೇತ್ರದ ಬಗ್ಗೆ ಕ್ರೈಸ್ತ ನಾಯಕರಲ್ಲೇ ಒಮ್ಮತವಿರಲಿಲ್ಲ. ದುಂಡುಮೇಜಿನ ಪರಿಷತ್ತಿನಲ್ಲಿ ಎಸ್.ಕೆ. ದತ್ತ ಅದನ್ನು ವಿರೋಧಿಸಿದರು, ಮದರಾಸಿನ ಎ.ಟಿ. ಪನ್ನೀರ್‌ಸೆಲ್ವಂ ಬೇಕೆಂದರು. ಕೊನೆಗೆ ಸಂವಿಧಾನ ರಚನಾ ಸಭೆಯಲ್ಲಿ, ಅದರ ಉಪಾಧ್ಯಕ್ಷರಾಗಿದ್ದ ಬಂಗಾಳದ ಕ್ರೈಸ್ತ ಎಚ್.ಸಿ. ಮುಖರ್ಜಿ ಮೊದಲಾದವರ ಒಪ್ಪಿಗೆಯಿಂದಲೇ, ಧಾರ್ಮಿಕ ಅಲ್ಪಸಂಖ್ಯಾತರಿಗೆ ಸ್ಥಾನ ಮೀಸಲಿಡುವ ಆಲೋಚನೆಯನ್ನು 1949ರಲ್ಲಿ ಕೈಬಿಡಲಾಯಿತು. ದೊಡ್ಡ ಪಕ್ಷಗಳ ಒಳಗಿದ್ದುಕೊಂಡೇ ನಮ್ಮ ಪಾಲು ಪಡೆಯುತ್ತೇವೆ ಎಂಬ ನಂಬಿಕೆಯ ಮೇಲೆ ಮಾಡಿಕೊಂಡ ಆಯ್ಕೆ ಅದು. ನಿಮ್ಮ ಮನೆತನದ ಮತದ ಅಭ್ಯಾಸದ ಬೇರು ಅಲ್ಲಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು. (ಆಂಗ್ಲೋ ಇಂಡಿಯನ್ನರ ನಾಮನಿರ್ದೇಶನ ಮಾತ್ರ ಉಳಿದಿತ್ತು, ನಮ್ಮ ವಿಧಾನಸಭೆಯಲ್ಲಿ 225ನೆಯ ಆ ಒಂದು ಸ್ಥಾನವೂ 104ನೆಯ ತಿದ್ದುಪಡಿಯಿಂದಾಗಿ 2020ರ ಜನವರಿಯಿಂದ ಇಲ್ಲವಾಯಿತು.)

ಈಗ ಅಂತರದ ಲೆಕ್ಕಕ್ಕೆ ಬರುತ್ತೇನೆ. 2023ರಲ್ಲಿ ರಾಜ್ಯದ ಮತದಾರರು ಸುಮಾರು 5.3 ಕೋಟಿ, ಸರಾಸರಿ ಹಿಡಿದರೆ ಕ್ಷೇತ್ರಕ್ಕೆ 2.37 ಲಕ್ಷ. ಶೇ 1.87 ಎಂದರೆ 4,400 ಮತದಾರರು, ನೂರಕ್ಕೆ 73 ಜನ ಮತಗಟ್ಟೆಗೆ ಬಂದರೆ 3,200 ಮತ. ನಮ್ಮ ಭಾಗದಲ್ಲಿ ಪ್ರಮಾಣ ಕಡಿಮೆಯೆಂದು ಅದರ ಕಾಲು ಪಾಲನ್ನೇ ಇಟ್ಟುಕೊಂಡರೂ ಎಂಟುನೂರು ಮತ ಆಗುತ್ತದೆ. 2018ರಲ್ಲಿ ಕುಂದಗೋಳದಲ್ಲಿ ಸಿ.ಎಸ್. ಶಿವಳ್ಳಿ ಗೆದ್ದದ್ದು 634 ಮತಗಳಿಂದ. ಹಿರೇಕೆರೂರಿನಲ್ಲಿ ಬಿ.ಸಿ. ಪಾಟೀಲ ಗೆದ್ದದ್ದು 555 ಮತಗಳಿಂದ. ನಿಮ್ಮ ಗದಗ ಕ್ಷೇತ್ರದಲ್ಲಿ ಎಚ್.ಕೆ. ಪಾಟೀಲರ ಅಂತರ ಆ ವರ್ಷ 1,868. ಹೀಗಾಗಿ ‘ನಾವು ಎಷ್ಟು ಮಂದಿ, ನಮ್ಮನ್ನು ಯಾರು ಕೇಳುತ್ತಾರೆ’ ಎಂಬ ಮಾತು ಎಲ್ಲ ಕಾಲಕ್ಕೂ ಸತ್ಯವಲ್ಲ. ಬಿಗಿ ಪೈಪೋಟಿಯ ಕ್ಷೇತ್ರದಲ್ಲಿ ನಾಲ್ಕು ಓಣಿಯ ಮತಗಳು ಶಾಸಕರನ್ನು ಬದಲಿಸಬಲ್ಲವು. ಆದರೆ ಎಲ್ಲ ಕ್ಷೇತ್ರಗಳೂ ಎಲ್ಲ ವರ್ಷವೂ ಹಾಗಿರುವುದಿಲ್ಲ, ಎಂಟುನೂರು ಮತಗಳೂ ಒಂದೇ ಕಡೆ ಹೋಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಚುನಾವಣೆಯ ಚರ್ಚೆಗಳಲ್ಲಿ ಇದನ್ನು ಯಾಕೋ ಯಾರೂ ಎತ್ತುವುದಿಲ್ಲ. ನೀವು ಹಳೆಯ ಪಕ್ಷವನ್ನು ಬಿಟ್ಟು ಅದರ ಎದುರಾಳಿಗೆ ಮತ ಹಾಕಿದರೆ ಅಂತರ ಎರಡು ಮತದಷ್ಟು ಬದಲಾಗುತ್ತದೆ, ಏಕೆಂದರೆ ಇತ್ತ ಒಂದು ಕಡಿಮೆಯಾಗಿ ಅತ್ತ ಒಂದು ಕೂಡುತ್ತದೆ. ಸಣ್ಣ ಪಕ್ಷಕ್ಕೆ ಹಾಕಿದರೆ ಒಂದೇ ಮತದಷ್ಟು. ಆದ್ದರಿಂದ ಶುದ್ಧ ಲೆಕ್ಕದಲ್ಲಿ ಸಣ್ಣ ಪಕ್ಷಕ್ಕೆ ಹೋಗುವುದೆಂದರೆ ಅರ್ಧ ಬಲದ ಏಟು. ಎದುರಾಳಿಯ ಬಾಗಿಲು ತೆರೆದಿರುವ ಮತದಾರರಿಗೆ ಈ ಅರ್ಧ ಏಟು ಬೇಕಾಗುವುದಿಲ್ಲ. ಅವರು ಐದು ವರ್ಷ ಇಲ್ಲಿ, ಐದು ವರ್ಷ ಅಲ್ಲಿ ಎಂದು ಓಡಾಡಿಯೇ ಎರಡೂ ಪಕ್ಷಗಳಿಂದ ಕೆಲಸ ಮಾಡಿಸಿಕೊಳ್ಳುತ್ತಾರೆ. ನಿಮ್ಮ ಸಭೆಯ ಬಹುಪಾಲು ಜನರಿಗೆ ಆ ಎರಡನೆಯ ಬಾಗಿಲು ಮುಚ್ಚಿದೆ ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಮತಾಂತರ ಕುರಿತ ಮಸೂದೆಯನ್ನು 2021ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಅಂಗೀಕರಿಸಿದಾಗ ಮುಖ್ಯಮಂತ್ರಿಯಾಗಿದ್ದವರು ಹಾವೇರಿ ಜಿಲ್ಲೆಯ ಶಿಗ್ಗಾಂವಿಯ ಶಾಸಕರು. ಆ ದಿನಗಳ ನೆನಪು ಈ ಭಾಗದ ಪ್ರಾರ್ಥನಾ ಸಭೆಗಳಲ್ಲಿ ಇನ್ನೂ ಮಾಸಿಲ್ಲ. ಹೋಗಲು ಬೇರೆ ಕಡೆ ಇಲ್ಲದವರ ಮತವನ್ನು ಯಾವ ಪಕ್ಷವೂ ಓಲೈಸುವುದಿಲ್ಲ, ಅದು ಮನೆಯ ಕಟ್ಟೆಯ ಮೇಲಿಟ್ಟ ತಂಬಿಗೆಯಂತೆ ಅಲ್ಲೇ ಇರುತ್ತದೆ ಎಂದುಕೊಳ್ಳುತ್ತದೆ. ಕೇಕ್ ಕತ್ತರಿಸಿ, ಸ್ಮಶಾನದ ಕಡತವನ್ನು ಮುಂದೂಡುವ ಧೈರ್ಯ ಬರುವುದು ಅಲ್ಲಿಂದ. ಇಂಥ ಮತದಾರರಿಗೆ ಸಣ್ಣ ಪಕ್ಷವೆಂಬುದು ಇರುವ ಒಂದೇ ಹಿತ್ತಲ ಬಾಗಿಲು. ಅರ್ಧ ಬಲದ್ದಾದರೂ ಏಟು ಏಟೇ. ನಿಮ್ಮ ಮನಸ್ಸು ಅತ್ತ ಎಳೆಯುವುದರಲ್ಲಿ ಭಾವುಕತೆಯ ಜೊತೆಗೆ ಒಂದಿಷ್ಟು ವಿವೇಕವೂ ಇದೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಆದರೆ ಹಿತ್ತಲ ಬಾಗಿಲಿಂದ ಸದ್ದಿಲ್ಲದೆ ಹೊರಟುಹೋದರೆ ಮನೆಯವರಿಗೆ ಗೊತ್ತಾಗುವುದಿಲ್ಲ. ಈ ವಿಷಯದಲ್ಲಿ ಅಮೆರಿಕದ ಮದ್ಯವಿರೋಧಿ ಕ್ರೈಸ್ತರ ಕಥೆಯನ್ನು ನಾನು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳುತ್ತಿದ್ದೆ, ನಿಮ್ಮ ಯುವಕರ ಕೂಟಕ್ಕೆ ಬಂದವರು ಕುಡಿತದ ಮಾತನ್ನೇ ಆಡಿದ್ದರಿಂದ ಇಲ್ಲಿಯೂ ಹೇಳುತ್ತೇನೆ. ಅಲ್ಲಿ 1869ರಲ್ಲಿ ಪ್ರೊಹಿಬಿಷನ್ ಪಾರ್ಟಿ ಎಂಬ ಪಕ್ಷ ಹುಟ್ಟಿತು. ದೊಡ್ಡ ಪಕ್ಷಗಳೆರಡೂ ಮದ್ಯದ ವಿಷಯಕ್ಕೆ ಬಾಯಿ ಬಿಡುವುದಿಲ್ಲವೆಂದು ಬೇಸತ್ತ ಚರ್ಚಿನ ಜನರೇ ಅದರ ಜೀವಾಳ. 1884ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅದರ ಅಭ್ಯರ್ಥಿ ಜಾನ್ ಸೇಂಟ್ ಜಾನ್. ಹಿಂದೆ ರಿಪಬ್ಲಿಕನ್ ಪಕ್ಷದಿಂದ ಕಾನ್ಸಾಸಿನ ಗವರ್ನರ್ ಆಗಿದ್ದವರು. ದೇಶದಲ್ಲಿ ಅವರಿಗೆ ಬಿದ್ದದ್ದು ಶೇ 1.5ರಷ್ಟು ಮತ. ಆದರೆ ಆ ಚುನಾವಣೆ ನ್ಯೂಯಾರ್ಕ್ ರಾಜ್ಯದ ಮೇಲೆ ನಿಂತಿತ್ತು. ಅಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಕ್ಲೀವ್‌ಲ್ಯಾಂಡ್ ಗೆದ್ದದ್ದು ಸುಮಾರು 1,100 ಮತಗಳಿಂದ. ಸೇಂಟ್ ಜಾನ್ ಅದೇ ರಾಜ್ಯದಲ್ಲಿ ಸುಮಾರು 25,000 ಮತ ಪಡೆದಿದ್ದರು, ಅವುಗಳಲ್ಲಿ ಬಹಳಷ್ಟು ರಿಪಬ್ಲಿಕನ್ ಪಕ್ಷದ ಹಳೆಯ ಮತಗಳು. ರಿಪಬ್ಲಿಕನ್ನರು ಸೋತರು, ಸಿಟ್ಟಿಗೆದ್ದರು, ಆದರೆ ಮದ್ಯ ನಿಷೇಧವಾಗಲಿಲ್ಲ. ಮುಂದೆ ಒಹಾಯೊದಲ್ಲಿ 1893ರಲ್ಲಿ ಹುಟ್ಟಿದ ಆಂಟಿ ಸಲೂನ್ ಲೀಗ್ ಎಂಬ ಸಂಘಟನೆ ಪಕ್ಷವಾಗಲು ಒಪ್ಪಲೇ ಇಲ್ಲ. ಅದು ಎರಡೂ ಪಕ್ಷಗಳ ಅಭ್ಯರ್ಥಿಗಳ ಬಳಿ ಹೋಗಿ ಒಂದೇ ಪ್ರಶ್ನೆ ಕೇಳುತ್ತಿತ್ತು, ಮದ್ಯ ನಿಷೇಧಕ್ಕೆ ಸದನದಲ್ಲಿ ಕೈ ಎತ್ತುತ್ತೀರಾ, ಇಲ್ಲವಾ. ಎತ್ತುವವರು ಯಾವ ಪಕ್ಷದವರಾದರೂ ಚರ್ಚುಗಳ ಮತ ಅವರಿಗೆ. 1919ರಲ್ಲಿ ನಿಷೇಧದ ತಿದ್ದುಪಡಿ ಅನುಮೋದನೆಯಾಯಿತು. ಅದು ಒಳ್ಳೆಯ ಕಾನೂನಾಗಿತ್ತೇ ಎಂಬುದು ಬೇರೆ ಮಾತು, 1933ರಲ್ಲಿ ರದ್ದೂ ಆಯಿತು. ನಮಗೆ ಬೇಕಾದದ್ದು ಇಷ್ಟು: ಪಕ್ಷ ಐವತ್ತು ವರ್ಷ ಮಾಡಲಾಗದ್ದನ್ನು ಸ್ಪಷ್ಟವಾದ ಒಂದು ಬೇಡಿಕೆ ಹಿಡಿದ ಸಂಘಟನೆ ಇಪ್ಪತ್ತೈದು ವರ್ಷದಲ್ಲಿ ಮಾಡಿಸಿತು. ನಮ್ಮ ರಾಜ್ಯದಲ್ಲೂ 2007ರಲ್ಲಿ ಸಾರಾಯಿ ನಿಂತದ್ದು ಎರಡು ಪ್ರಮುಖ ಪಕ್ಷಗಳ ಸಮ್ಮಿಶ್ರ ಸರಕಾರದಿಂದ.

ದೂರದ ಉದಾಹರಣೆ ಸಾಕು. ಸಣ್ಣ ಪಕ್ಷಗಳ ಏಳುಬೀಳನ್ನು ನೋಡಲು ನಮ್ಮ ಮೂರು ಜಿಲ್ಲೆಗಳಿಗಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ. ಯಡಿಯೂರಪ್ಪನವರು 2012ರ ಡಿಸೆಂಬರಿನಲ್ಲಿ ಕರ್ನಾಟಕ ಜನತಾ ಪಕ್ಷವನ್ನು ಸಾರಿದ್ದು ಹಾವೇರಿಯಲ್ಲಿ. 2013ರ ಚುನಾವಣೆಯಲ್ಲಿ ಅದಕ್ಕೆ ರಾಜ್ಯದಲ್ಲಿ ಶೇ 10ರ ಹತ್ತಿರ ಮತ ಬಂತು, ಸ್ಥಾನ ಬಂದದ್ದು ಆರು. ಅವುಗಳಲ್ಲಿ ಹಿರೇಕೆರೂರು ಒಂದು. ಬಿಜೆಪಿ ನಲವತ್ತಕ್ಕೆ ಇಳಿಯಿತು, ಕಾಂಗ್ರೆಸ್ 122 ಸ್ಥಾನಗಳೊಂದಿಗೆ ಅಧಿಕಾರ ಹಿಡಿಯಿತು. ಮರುವರ್ಷ ಜನವರಿಯಲ್ಲಿ ಕೆಜೆಪಿ ಬಿಜೆಪಿಯಲ್ಲಿ ಸೇರಿಹೋಯಿತು. ತನ್ನ ಬೆಲೆ ಎಷ್ಟೆಂದು ಹಳೆಯ ಮನೆಗೆ ತೋರಿಸಲು ಒಬ್ಬ ನಾಯಕ ಕಟ್ಟಿದ ಪಕ್ಷ ಅದು, ತೋರಿಸಿಯಾದ ಮೇಲೆ ಮುಚ್ಚಿದರು. ಅದರಲ್ಲಿ ಮೋಸವಿಲ್ಲ, ಆದರೆ ಅದಕ್ಕೆ ಮತ ಹಾಕಿದ ಸಾಮಾನ್ಯನ ಬೇಡಿಕೆಗೂ ಆ ಲೆಕ್ಕಾಚಾರಕ್ಕೂ ಸಂಬಂಧವಿರಲಿಲ್ಲ.

ರಾಣೆಬೆನ್ನೂರಿನ ಕಥೆ ಇನ್ನೂ ವಿಚಿತ್ರ. ನಟ ಉಪೇಂದ್ರ ಹೊಸ ರಾಜಕೀಯದ ಮಾತಾಡುತ್ತ 2017ರಲ್ಲಿ ಕೆಪಿಜೆಪಿ ಎಂಬ ಪಕ್ಷದ ಮೂಲಕ ಬಂದರು. ಚುನಾವಣೆಗೆ ಮೊದಲೇ ಭಿನ್ನಾಭಿಪ್ರಾಯವಾಗಿ ಹೊರನಡೆದರು. ಅದೇ ಪಕ್ಷದಿಂದ 2018ರಲ್ಲಿ ಆರ್. ಶಂಕರ್ ರಾಣೆಬೆನ್ನೂರಿನಲ್ಲಿ ಗೆದ್ದರು, ರಾಜ್ಯದಲ್ಲಿ ಆ ಪಕ್ಷದ ಒಬ್ಬರೇ ಶಾಸಕರು. ಯಾರಿಗೂ ಬಹುಮತವಿಲ್ಲದ ಸದನದಲ್ಲಿ ಒಂದು ಸ್ಥಾನಕ್ಕೆ ಬಂದ ಬೆಲೆಯನ್ನು ನೋಡಿ: ಮಂತ್ರಿಯಾದರು, ಕೈಬಿಡಲಾಯಿತು, 2019ರ ಜೂನಿನಲ್ಲಿ ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ವಿಲೀನಗೊಳಿಸಿ ಮತ್ತೆ ಮಂತ್ರಿಯಾದರು, ಜುಲೈನಲ್ಲಿ ಬೆಂಬಲ ಹಿಂತೆಗೆದು ಅನರ್ಹಗೊಂಡರು, ಮುಂದೆ ವಿಧಾನ ಪರಿಷತ್ತಿನ ಮೂಲಕ ಯಡಿಯೂರಪ್ಪನವರ ಸಂಪುಟಕ್ಕೂ ಬಂದರು. ಸಣ್ಣ ಪಕ್ಷದ ಒಂದೇ ಸ್ಥಾನ ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೂ, ಆ ಕೆಲಸ ಮತದಾರರ ಕೈಯಲ್ಲಿ ಉಳಿಯದಿರಬಹುದು ಎಂಬುದಕ್ಕೂ ಇದೊಂದೇ ನಿದರ್ಶನ ಸಾಕು.

ಇದಕ್ಕೆ ತದ್ವಿರುದ್ಧವಾದದ್ದು ರೈತ ಸಂಘ. ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಎದ್ದು, 1980ರ ಜುಲೈ 21ರಂದು ಗೋಲಿಬಾರ್ ನಡೆದ ಮೇಲೆ ರೂಪುಗೊಂಡ ಚಳವಳಿ ಅದು. ಅದು ಮೊದಲು ಪಕ್ಷವಾಗಿರಲಿಲ್ಲ. ಊರಿನ ಬೋರ್ಡು, ಹಸಿರು ಶಾಲು, ವಸೂಲಿಗೆ ಬಂದ ಅಧಿಕಾರಿಯನ್ನು ತಡೆದು ನಿಲ್ಲಿಸುವ ಜನ, ಇವೇ ಅದರ ಆಸ್ತಿ. 1983ರಲ್ಲಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ ಅಧಿಕಾರ ಕಳೆದುಕೊಂಡದ್ದಕ್ಕೆ ಆ ಚಳವಳಿಯೂ ಒಂದು ಕಾರಣ. ಸಂಘದಿಂದ ಬಾಬಾಗೌಡ ಪಾಟೀಲರು 1989ರಲ್ಲಿ ಕಿತ್ತೂರು ಮತ್ತು ಧಾರವಾಡ ಗ್ರಾಮೀಣ, ಎರಡೂ ಕಡೆ ಗೆದ್ದರು. ಬಿಟ್ಟುಕೊಟ್ಟ ಧಾರವಾಡ ಗ್ರಾಮೀಣದಿಂದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ವಿಧಾನಸಭೆಗೆ ಹೋದರು. ಸ್ಥಾನಗಳ ಲೆಕ್ಕದಲ್ಲಿ ಅದು ಎಂದಿಗೂ ದೊಡ್ಡದಾಗಲಿಲ್ಲ, ಬಾಬಾಗೌಡರೂ 1998ರ ಹೊತ್ತಿಗೆ ಬಿಜೆಪಿಯ ಸಂಸದರಾದರು. ಆದರೆ ಆ ಕಾಲದಲ್ಲಿ ರೈತ ಸಂಘಕ್ಕೆ ಬಿದ್ದ ಮತ ಯಾತಕ್ಕಾಗಿ ಬಿದ್ದಿದೆ ಎಂದು ಯಾವ ಮಂತ್ರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕರ, ಸಾಲ, ಬೆಲೆ. ಬೇಡಿಕೆ ಮೊದಲು ಬಂದು ಮತ ಆಮೇಲೆ ಬಂದಿತ್ತು. ನೀವು ಸಾಸಿವೆ ಕಾಳಿನ ಮಾತು ಎತ್ತಿದ್ದೀರಿ. ಬಿತ್ತುವ ಮೊದಲು ಹೊಲ ಹದಗೊಂಡಿತ್ತು ಎಂಬುದೇ ರೈತ ಸಂಘಕ್ಕೂ ಉಳಿದೆರಡಕ್ಕೂ ಇರುವ ವ್ಯತ್ಯಾಸ.

ಹೊಸ ಪಕ್ಷಗಳ ಸಾಮಾನ್ಯ ಗತಿಯನ್ನೂ ಮರೆಯಬೇಡಿ. 2023ರಲ್ಲಿ ಇನ್ನೂರಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ನಿಂತ ಆಮ್ ಆದ್ಮಿ ಪಕ್ಷಕ್ಕೆ ರಾಜ್ಯದಲ್ಲಿ ಬಂದ ಮತ ಶೇ 0.58, ‘ನೋಟಾ’ಕ್ಕೆ ಬಿದ್ದದ್ದು ಶೇ 0.69. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೆಯ ಒಂದು ಪಾಲು ಮೀರದಿದ್ದರೆ ಅಭ್ಯರ್ಥಿಯ ಹತ್ತು ಸಾವಿರ ರೂಪಾಯಿ ಠೇವಣಿ ಜಪ್ತಿಯಾಗುತ್ತದೆ, ಎಂದರೆ ಒಂದೂವರೆ ಲಕ್ಷ ಮತ ಬಿದ್ದ ಕ್ಷೇತ್ರದಲ್ಲಿ ಠೇವಣಿ ಉಳಿಸಿಕೊಳ್ಳಲೇ ಇಪ್ಪತ್ತೈದು ಸಾವಿರ ಮತ ದಾಟಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಸಹಿ ಹಾಕಲು ಒಬ್ಬ ಸೂಚಕ ಸಾಕು, ಬರೀ ನೋಂದಾಯಿತ ಪಕ್ಷದವರಿಗೆ ಹತ್ತು ಜನ ಬೇಕು. ಚಿಹ್ನೆಯೂ ಸ್ವಂತದ್ದಲ್ಲ, ಚುನಾವಣಾ ಆಯೋಗದ ಮುಕ್ತ ಪಟ್ಟಿಯಿಂದ ಸಿಕ್ಕದ್ದು. ಈ ಸಲ ಜನ ಕಲಿತ ಗುರುತು ಮುಂದಿನ ಸಲ ಬೇರೆಯವರ ಪಾಲಾಗಬಹುದು.

ವಿಧಾನಸಭೆಯ ಬದಲು ವಾರ್ಡಿನ ಚುನಾವಣೆಗೆ ಬಂದರೆ ಲೆಕ್ಕವೇ ಬೇರೆ. 2021ರ ಚುನಾವಣೆಯ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ 82 ವಾರ್ಡುಗಳಿದ್ದವು. 2011ರ ಜನಸಂಖ್ಯೆ 9.43 ಲಕ್ಷ. ವಾರ್ಡಿಗೆ ಸರಾಸರಿ ಹನ್ನೊಂದೂವರೆ ಸಾವಿರ ಜನ, ಅದರಲ್ಲಿ ಮತ ಹಾಕಲು ಬರುವವರು ಇನ್ನೂ ಕಡಿಮೆ. ಆ ಚುನಾವಣೆಯಲ್ಲಿ ಬಿಜೆಪಿ 39, ಕಾಂಗ್ರೆಸ್ 33 ಗೆದ್ದವು. ಉಳಿದ ಹತ್ತರಲ್ಲಿ ಆರು ಪಕ್ಷೇತರರು, ಮೂರು ಎಐಎಂಐಎಂ, ಒಂದು ಜೆಡಿಎಸ್. ಅರ್ಧ ದಾಟಲು ಬೇಕಾದ 42 ಯಾರಿಗೂ ಬರಲಿಲ್ಲ. ಇಲ್ಲಿ ಕೇಶ್ವಾಪುರದಂಥ ಬಡಾವಣೆಯಲ್ಲಿ ಮುನ್ನೂರು ಮತ ಒಟ್ಟಾಗುವುದೆಂದರೆ ಸಣ್ಣ ಮಾತಲ್ಲ. ನೀವು ಕೇಳುತ್ತಿರುವ ಸ್ಮಶಾನದ ಜಾಗ, ಅದರ ದಾರಿ, ಕಾಂಪೌಂಡ್, ನೀರು, ಇವು ವಿಧಾನಸೌಧಕ್ಕಿಂತ ನಗರಸಭೆಯ, ತಹಶೀಲ್ದಾರರ, ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಇರುವ ವಿಷಯಗಳು. ಆ ಸಣ್ಣ ಪಕ್ಷದವರು ನಿಜಕ್ಕೂ ಬೇರೂರಬೇಕೆಂದಿದ್ದರೆ ಅವರು ಮೊದಲು ನಿಲ್ಲಬೇಕಾದದ್ದು ಗದಗ-ಬೆಟಗೇರಿ ನಗರಸಭೆಯ ಒಂದು ವಾರ್ಡಿನಲ್ಲಿ. ಅಲ್ಲಿ ನಿಲ್ಲದೆ ನೇರ ವಿಧಾನಸಭೆಗೆ ಅಭ್ಯರ್ಥಿ ಹಾಕುವವರ ಬಗ್ಗೆ ನನಗೆ ಅನುಮಾನ ಜಾಸ್ತಿ.

ನಿಮ್ಮ ಸಭೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಸ್ವತಂತ್ರ ಪ್ರಾರ್ಥನಾ ಸಭೆಗಳಲ್ಲಿ, ದಲಿತ ಮೂಲದವರು ಇರುವುದರಿಂದ ಇನ್ನೊಂದು ಸಂಗತಿ ಹೇಳಬೇಕು. ಪರಿಶಿಷ್ಟ ಜಾತಿಗಳ 1950ರ ರಾಷ್ಟ್ರಪತಿ ಆದೇಶದ ಮೂರನೆಯ ಪರಿಚ್ಛೇದದಂತೆ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ ಆ ಮಾನ್ಯತೆ. ಆದ್ದರಿಂದ ಹುಬ್ಬಳ್ಳಿ-ಧಾರವಾಡ ಪೂರ್ವ, ಹಾವೇರಿ, ಶಿರಹಟ್ಟಿಯಂಥ ಮೀಸಲು ಕ್ಷೇತ್ರಗಳಲ್ಲಿ ದಲಿತ ಕ್ರೈಸ್ತರು ಮತ ಹಾಕಬಹುದು, ಅಭ್ಯರ್ಥಿಯಾಗುವಂತಿಲ್ಲ. ಸಾಮಾನ್ಯ ಕ್ಷೇತ್ರದಲ್ಲಿ ಅವರಿಗೆ ದೊಡ್ಡ ಪಕ್ಷಗಳ ಟಿಕೆಟ್ ಸಿಗುವ ಸಂಭವ ಎಷ್ಟೆಂದು ನೀವೇ ಊಹಿಸಬಲ್ಲಿರಿ. ಸಣ್ಣ ಪಕ್ಷಗಳು ಇಂಥವರಿಗೆ ಸುಲಭವಾಗಿ ಟಿಕೆಟ್ ಕೊಡುತ್ತವೆ, ಅದು ಅವುಗಳ ಆಕರ್ಷಣೆಯ ದೊಡ್ಡ ಪಾಲು. ಟಿಕೆಟ್ ಕೊಟ್ಟವರು ಈ 1950ರ ಆದೇಶದ ಬಗ್ಗೆ ಏನು ಹೇಳುತ್ತಾರೆ ಎಂದು ಕೇಳಿ ನೋಡಿ.

ಸಭಾಪಾಲಕರ ಸಲಹೆಯ ಬಗ್ಗೆ ಕೇಳಿದ್ದೀರಿ. ಮನೆಯಲ್ಲಿ ಚಹಾ ಕುಡಿಯುತ್ತ ಅವರ ಅಭಿಪ್ರಾಯ ಕೇಳಲು ಅಡ್ಡಿಯಿಲ್ಲ. ಪೀಠದಿಂದ ಹೇಳಿದರೆ ಅದು ಬೇರೆಯಾಗುತ್ತದೆ. ಜನತಾ ಪ್ರಾತಿನಿಧ್ಯ ಕಾಯ್ದೆ 1951ರ 123ನೆಯ ಕಲಮಿನಂತೆ, ಧರ್ಮದ ಹೆಸರಿನಲ್ಲಿ ಮತ ಕೇಳುವುದೂ, ಇಂಥವರಿಗೆ ಹಾಕದಿದ್ದರೆ ದೇವರ ಸಿಟ್ಟಿಗೆ ಗುರಿಯಾಗುತ್ತೀರಿ ಎಂದು ಹೆದರಿಸುವುದೂ ಚುನಾವಣಾ ಭ್ರಷ್ಟಾಚಾರ. ಅಭ್ಯರ್ಥಿ ಅಥವಾ ಅವರ ಏಜೆಂಟರು ಮಾಡಿದರೆ, ಇಲ್ಲವೇ ಅವರ ಒಪ್ಪಿಗೆಯಿಂದ ಬೇರೆಯವರು ಮಾಡಿದರೆ, ಗೆದ್ದ ಚುನಾವಣೆಯೇ ಅಸಿಂಧುವಾಗಬಹುದು. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು, ನಾಲ್ವರ ಬಹುಮತದಿಂದ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮದ ಹೆಸರಿನಲ್ಲಿ ಮತ ಕೇಳುವುದೂ ಇದರಲ್ಲಿ ಬರುತ್ತದೆ ಎಂದು ಹೇಳಿತು. ಪೂಜಾಸ್ಥಳವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು 1988ರ ಇನ್ನೊಂದು ಕಾಯ್ದೆ ತಡೆಯುತ್ತದೆ. ಆ ಪಕ್ಷದವರು ಯುವಕರ ಕೂಟಕ್ಕೆ ಬಂದದ್ದು ಚರ್ಚಿನ ಆವರಣದೊಳಗೇ ಆಗಿದ್ದರೆ, ಮುಂದಿನ ಸಲ ಹೊರಗೆ ಎಲ್ಲಾದರೂ ಸೇರುವಂತೆ ಹೇಳಿ. ಇದು ಅವರಿಗಿಂತ ನಿಮ್ಮ ಸಭೆಯ ಹಿತಕ್ಕೆ ಬೇಕಾದ ಎಚ್ಚರ.

ಹಾಗಿದ್ದರೆ ಮಾಡುವುದೇನು? ನಿಮ್ಮ ಆತ್ಮಸಾಕ್ಷಿಗೆ ಒಪ್ಪಿದವರಿಗೆ ಒಬ್ಬರೇ ಹೋಗಿ ಮತ ಹಾಕಿ ಬಂದರೆ ಅದು ಗೌರವದ ಕೆಲಸ, ಯಾರ ಅಪ್ಪಣೆಯೂ ಬೇಡ. ಅದರಿಂದ ಸ್ಮಶಾನಕ್ಕೆ ಜಾಗ ಸಿಗುತ್ತದೆಂದು ಮಾತ್ರ ಎದುರುನೋಡಬೇಡಿ. ಜಾಗವೂ ಬೇಕೆಂದರೆ ದಾರಿ ಸ್ವಲ್ಪ ಉದ್ದ. ಚುನಾವಣೆಗೆ ಆರು ತಿಂಗಳ ಮೊದಲೇ, ಸಭೆಯ ಹೆಸರಿನಲ್ಲಲ್ಲ, ಓಣಿಯ ನಾಗರಿಕರಾಗಿ, ಸಾಧ್ಯವಾದರೆ ಅದೇ ಸ್ಮಶಾನದ ಸಮಸ್ಯೆ ಇರುವ ಬೇರೆ ಸಮಾಜದವರನ್ನೂ ಕೂಡಿಸಿಕೊಂಡು, ಸರ್ವೆ ನಂಬರ್ ಸಮೇತ ಒಂದು ಬೇಡಿಕೆಯನ್ನು ಬರೆದು ಎಲ್ಲ ಪಕ್ಷಗಳಿಗೂ ಕೊಡಿ, ನಿಮ್ಮ ಓಣಿಗೆ ಬಾರದ ಪಕ್ಷಕ್ಕೂ ಕೊಡಿ. ಉತ್ತರ ಬಾರದಿದ್ದರೆ ನಮ್ಮ ಮತ ಬೇರೆ ಕಡೆ ಹೋಗುತ್ತದೆ ಎಂದು ಮೊದಲೇ ತಿಳಿಸಿ. ಆಮೇಲೆ ಸಣ್ಣ ಪಕ್ಷಕ್ಕೆ ಹೋದ ಮತ ಮೂಕವಾಗುವುದಿಲ್ಲ. ಮತಗಟ್ಟೆವಾರು ಫಲಿತಾಂಶದ ಫಾರ್ಮ್ 20 ಎಂಬ ಪಟ್ಟಿಯನ್ನು ಪಕ್ಷಗಳ ಬೂತ್ ಏಜೆಂಟರು ಸಾಲು ಸಾಲಾಗಿ ಓದುತ್ತಾರೆ. ಒಂದು ಬೂತಿನಲ್ಲಿ ಇನ್ನೂರು ಮತ ಜಾಗ ಬದಲಿಸಿದ್ದು ಅವರ ಕಣ್ಣು ತಪ್ಪುವುದಿಲ್ಲ, ಕಾರಣವೂ ಮೊದಲೇ ಗೊತ್ತಿದ್ದರೆ ಮುಂದಿನ ಕ್ರಿಸ್‌ಮಸ್ಸಿಗೆ ಕಡತದ ಜೊತೆಗೇ ಬಂದಾರು. ಆ ಸಣ್ಣ ಪಕ್ಷದವರನ್ನೂ ಸುಮ್ಮನೆ ಬಿಡಬೇಡಿ. ಪಕ್ಷ ನೋಂದಣಿಯಾಗಿದೆಯೇ, ಖಜಾಂಚಿ ಯಾರು, ಹಣ ಎಲ್ಲಿಂದ, ಸೋತ ಮೇಲೆ ಗದಗಿನಲ್ಲಿ ಕಚೇರಿ ಇರುತ್ತದೆಯೇ, ಕೊನೆಯ ಗಳಿಗೆಯಲ್ಲಿ ನಾಮಪತ್ರ ಹಿಂತೆಗೆದು ಯಾರಿಗಾದರೂ ಬೆಂಬಲ ಸಾರುವುದಿಲ್ಲ ಎಂಬುದಕ್ಕೆ ಏನು ಭರವಸೆ, ಇವಿಷ್ಟನ್ನು ಮುಖಕ್ಕೆ ಮುಖ ಕೊಟ್ಟು ಕೇಳಿ.

ನಿಮ್ಮ ತಂದೆಯವರ ಭಯವನ್ನೂ ತಳ್ಳಿಹಾಕುವಂತಿಲ್ಲ. ಅಂತರ ಆರುನೂರಕ್ಕೆ ಇಳಿಯಬಹುದಾದ ಕ್ಷೇತ್ರದಲ್ಲಿ, ಇಬ್ಬರಲ್ಲಿ ಒಬ್ಬರು ಗೆದ್ದರೆ ನಿಮ್ಮ ಸಭೆಗೆ ನಿಜವಾದ ತೊಂದರೆಯಿದೆ ಎಂದು ನಿಮಗೂ ಅನ್ನಿಸಿದರೆ, ಆ ಸಲ ಅವರ ಮಾತು ಕೇಳುವುದೇ ಸರಿ. ಸಣ್ಣ ಪಕ್ಷದ ಪರೀಕ್ಷೆಯನ್ನು ನಗರಸಭೆಯ ಚುನಾವಣೆಗೆ ಇಟ್ಟುಕೊಳ್ಳಿ. ಗೆಲುವು ಯಾರದೆಂದು ಮೊದಲೇ ಗೊತ್ತಿರುವ ಕ್ಷೇತ್ರವಾದರೆ ಅವರ ವಾದಕ್ಕೆ ಬಲವಿಲ್ಲ. ಹೀಗಾಗಿ ನಿಮ್ಮ ಹೆಸರು ಈಗ ಬೆಟಗೇರಿಯ ಮತದಾರರ ಪಟ್ಟಿಯಲ್ಲಿದೆಯೋ ಹುಬ್ಬಳ್ಳಿಯದರಲ್ಲೋ ಎಂಬುದನ್ನು ಮೊದಲು ನೋಡಿಕೊಳ್ಳಿ. ನೀವು ವಾಸವಿರುವುದು ಕೇಶ್ವಾಪುರದಲ್ಲಾದರೆ ಹೆಸರೂ ಅಲ್ಲಿಯೇ ಇರಬೇಕು. ವಿಳಾಸ ಬದಲಾವಣೆಗೆ ಫಾರ್ಮ್ 8 ತುಂಬಿ ಬೂತ್ ಮಟ್ಟದ ಅಧಿಕಾರಿಗೆ ಕೊಟ್ಟರೆ ಆಯಿತು. ಆಗ ನಿಮ್ಮ ಮತ ಹುಬ್ಬಳ್ಳಿಯ ಕ್ಷೇತ್ರದಲ್ಲಿ, ತಂದೆಯವರದ್ದು ಗದಗಿನಲ್ಲಿ. ಅಲ್ಲಿನ ಪೈಪೋಟಿ ಬೇರೆ, ಇಲ್ಲಿನದು ಬೇರೆಯಾದ್ದರಿಂದ ನೀವಿಬ್ಬರೂ ಒಂದೇ ಪಕ್ಷಕ್ಕೆ ಮತ ಹಾಕಬೇಕೆಂಬ ನಿಯಮವೂ ಇಲ್ಲ.